ಅಲ್ಲಾಡಿಸಿ ತಂದ ವಿಡಿಯೋ ಗೇಮ್

ಹನೂರಿನ ಸೋದರಮಾವನ ಮನೆಯಲ್ಲಿದ್ದ ವಿಡಿಯೋ ಗೇಮ್ ಹಳೇ ಮಾಡೆಲ್ಲು. ಬೂದು ಬಣ್ಣದ ದೊಡ್ಡ ಡಬ್ಬ, ಎತ್ತಿದರೆ ಕೈ ಸೋಲುವಷ್ಟು ಭಾರ. ಅದರ ಬಾಯಿಗೆ ಕ್ಯಾಸೆಟ್ ತುರುಕಿ, ಆಟ ಬರದಿದ್ದರೆ ಹೊರತೆಗೆದು ಊದಿ, ಮತ್ತೆ ತುರುಕಿ ಆಡಬೇಕಿತ್ತು. ಮಾವ ಅದಕ್ಕೆ ಚೆನ್ನಾಗಿ ದುಡ್ಡು ಸುರಿದಿದ್ದ. ಎಷ್ಟು ಸುರಿದೆ ಎಂಬುದನ್ನು ಆಟಕ್ಕೆ ಮುಂಚೆ ಒಂದು ಸಲ, ನಾವು ಸೋತಾಗ ಇನ್ನೊಂದು ಸಲ ಹೇಳುತ್ತಿದ್ದ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕೊಳ್ಳೇಗಾಲದ ಅಂಗಡಿಯೊಂದಕ್ಕೆ ಹೊಸ ಮಾಡೆಲ್ ಬಂತು. ಬೆಳ್ಳಗೆ, ಟಿಫನ್ ಬಾಕ್ಸಿನಷ್ಟು ಚಿಕ್ಕದು. ಆಟಗಳೆಲ್ಲ ಒಳಗೇ ಇದ್ದವು, ಊದುವ ಕೆಲಸವಿರಲಿಲ್ಲ. ಬೆಲೆ ಮಾತ್ರ ಹಳೆಯದರ ಅರ್ಧ. ಅಷ್ಟು ದುಡ್ಡು ಸುರಿದಿದ್ದ ಮಾವನಿಗೆ ಸುದ್ದಿ ಕೇಳಿ ಸಹಿಸಲಾಗಲಿಲ್ಲ. ಯಾರಾದರೂ ಸುಮ್ಮನೆ ಬೆಲೆ ಇಳಿಸುತ್ತಾರಾ, ಒಳಗಿನದನ್ನು ಕಿತ್ತುಕೊಂಡು ಬರೀ ಚಿಪ್ಪು ಮಾರುತ್ತಿದ್ದಾರೆ ಎಂದು ಅಪ್ಪನಿಗೆ ಹೇಳಿದ.

ಅಪ್ಪ ರೇಷ್ಮೆ ಗೂಡು ಬೆಳೆಯುವವನು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗಿನ ಹುಳ ಲೊಟಲೊಟ ಅಂದರೆ ಒಳ್ಳೇ ಗೂಡು. ಸದ್ದಿಲ್ಲದಿದ್ದರೆ ಹುಳ ಒಳಗೇ ಸತ್ತು ಅಂಟಿಕೊಂಡಿದೆ ಎಂದರ್ಥ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಆದರೆ ಅಪ್ಪನ ಕಿವಿಯ ಮುಂದೆ ಬೇರೆಯವರ ಕಿವಿಗಳು ಬರೀ ಓಲೆ ಹಾಕಿಕೊಳ್ಳುವುದಕ್ಕೆ ಇದ್ದವು. ನಮ್ಮೂರು ಧನಗೆರೆಯ ರೈತರು ಮಾರ್ಕೆಟ್ಟಿಗೆ ಹೊರಡುವ ಮುಂಚೆ ಒಂದು ಹಿಡಿ ಗೂಡು ತಂದು ಅವನಿಗೆ ಕೇಳಿಸಿ ಹೋಗುತ್ತಿದ್ದರು. ಅಪ್ಪ ಓದಿದವನಲ್ಲ, ಜಮೀನೂ ಅಷ್ಟಕ್ಕಷ್ಟೆ. ಊರಿನಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಕಿವಿಯ ಸಂಪಾದನೆ.

ಹುಳ ಸಾಕುವ ಮನೆಯಲ್ಲಿ ಹುಳಗಳೇ ಯಜಮಾನರು, ನಾವು ಮೂಲೆಯಲ್ಲಿ ಬಿದ್ದುಕೊಂಡ ನೆಂಟರು. ಅಪ್ಪ ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತಾ ಅವುಗಳ ಜೊತೆಯಲ್ಲೇ ಇರುತ್ತಿದ್ದ. ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ ಒಬ್ಬಳೇ ಮಗಳಾದ ನನ್ನ ಪಕ್ಕ ಅವನು ಸುಮ್ಮನೆ ಕೂತ ನೆನಪು ನನಗಿರಲಿಲ್ಲ. ಆ ಸಲ ಬೆಳೆ ಚೆನ್ನಾಗಿ ಬಂದು ಗೂಡು ಮಾರಿದ ದಿನ, ಖುಷಿಯಲ್ಲಿ ನನ್ನನ್ನು ಕರೆದುಕೊಂಡು ವಿಡಿಯೋ ಗೇಮ್ ಕೊಡಿಸಲು ಕೊಳ್ಳೇಗಾಲದ ಆ ಅಂಗಡಿಗೆ ಹೋದ.

ಅಂಗಡಿಯವನು ಹಳೇ ಡಬ್ಬದ ಮೂರು ಬೋರ್ಡಿನ ಕೆಲಸವನ್ನು ಹೊಸದರಲ್ಲಿ ಒಂದೇ ಎಲೆಕ್ಟ್ರಾನಿಕ್ ಚಿಪ್ ಮಾಡುತ್ತದೆ, ಅದಕ್ಕೇ ಹಗುರ, ಅದಕ್ಕೇ ಅಗ್ಗ ಎಂದು ವಿವರಿಸಿದ. ಅಪ್ಪ ಗಂಭೀರವಾಗಿ ತಲೆಯಾಡಿಸಿ, ಇರುವ ಪೀಸುಗಳನ್ನೆಲ್ಲ ಇಳಿಸಲು ಹೇಳಿದ. ಒಂದೊಂದನ್ನೇ ಎರಡು ಕೈಯಲ್ಲಿ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿದ. ಸದ್ದಿಲ್ಲದವನ್ನು ಅಯ್ಯೋ ಪಾಪ ಎಂಬಂತೆ ಪಕ್ಕಕ್ಕಿಟ್ಟ. ಕೊನೆಯದು ಲೊಟಲೊಟ ಅಂದಿತು. ಅಪ್ಪನ ಮುಖ ಅರಳಿತು.

"ಅದು ಬ್ಯಾಡಿ ಯಜಮಾನ್ರೆ, ಒಳಗೆ ಏನೋ ಬಿಚ್ಕಂಡದೆ," ಎಂದ ಅಂಗಡಿಯವನು.

ಮಾರ್ಕೆಟ್ಟಿನಲ್ಲಿ ಪಳಗಿದವನಿಗೆ ಇಷ್ಟು ಸಾಕಾಯಿತು. ವ್ಯಾಪಾರಿ ಬೇಡ ಅಂದ ಮಾಲೇ ಒಳ್ಳೇ ಮಾಲು. ಅಂಗಡಿಯವನು ಪಾಪ, ಬೇರೆ ಪೀಸು ತೆಗೆದುಕೊಂಡರೆ ಬೆಲೆ ಇಳಿಸುತ್ತೇನೆ ಅಂದ. ಅಪ್ಪನಿಗೆ ಅನುಮಾನ ಇನ್ನೂ ಬಲವಾಯಿತು. ಲೊಟಲೊಟ ಅನ್ನುವುದಕ್ಕೇ ಪೂರ್ತಿ ಬೆಲೆ ಕೊಟ್ಟು, ಗೆದ್ದವನ ಹಾಗೆ ಬಸ್ಸು ಹತ್ತಿದ.

ಮನೆಯಲ್ಲಿ ಟಿವಿಗೆ ಸಿಕ್ಕಿಸಿದರೆ ಏನೂ ಬರಲಿಲ್ಲ. ಅಕ್ಕಪಕ್ಕದವರೆಲ್ಲ ಬಂದು ಕೂತಿದ್ದರು. ಅಪ್ಪ ಡಬ್ಬವನ್ನೆತ್ತಿ ಕಿವಿಗೆ ಹಿಡಿದು ಮೆಲ್ಲಗೆ ಓರೆ ಮಾಡಿದ, ಆಟ ಬಂತು. ನೆಲಕ್ಕಿಟ್ಟ, ಹೋಯಿತು. ಮತ್ತೆ ಎತ್ತಿದ, ಬಂತು. ಬದಲಾಯಿಸಿಕೊಂಡು ಬನ್ನಿ ಎಂದು ಅಮ್ಮ ಹೇಳಿದ್ದಕ್ಕೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಅಪ್ಪ, ಈ ಮಾಡೆಲ್ಲನ್ನು ಕೈಯಲ್ಲಿ ಹಿಡಿದೇ ಆಡಿಸಬೇಕು ಅಂದ. ವಾಪಸ್ ಕೊಟ್ಟರೆ ಕಿವಿ ಸೋತಿತೆಂದು ಊರಿಗೆಲ್ಲ ಡಂಗುರ ಸಾರಿದಂತೆ.

ಹೀಗಾಗಿ ಬೇಸಿಗೆ ರಜದ ಸಂಜೆಗಳಲ್ಲಿ ಅಪ್ಪನೂ ಆ ಯಂತ್ರದ ಒಂದು ಬಿಡಿಭಾಗವಾದ. ಡಬ್ಬವನ್ನು ಕಿವಿಯ ಪಕ್ಕ ಓರೆಯಾಗಿ ಹಿಡಿದು ನನ್ನ ಪಕ್ಕ ಕೂರುತ್ತಿದ್ದ. ಸೀನಿದರೆ ಆಟ ನಿಲ್ಲುತ್ತಿತ್ತು, ಆದ್ದರಿಂದ ಸೀನುವ ಮುಂಚೆ ಹೇಳುತ್ತಿದ್ದ. ಮೊದಮೊದಲು ಗೋಡೆ ನೋಡುತ್ತಿದ್ದವನು ಆಮೇಲೆ ಟಿವಿ ನೋಡತೊಡಗಿದ. ಆಮೇಲೆ ಎಡಕ್ಕೆ ಓಗು, ನೆಗಿ, ಹಿಂದೆ ಬತ್ತಾವ್ನೆ ನೋಡು ಎಂದು ಹೇಳಿಕೊಡತೊಡಗಿದ. ಅವನು ಹೇಳಿದಂತೆ ಹಾರಿದಾಗಲೆಲ್ಲ ನಾನು ಸತ್ತೆ. ಆದರೂ ಅಷ್ಟು ಸಂತೋಷವಾಗಿ ನಾನು ಇನ್ಯಾವ ಬೇಸಿಗೆಯಲ್ಲೂ ಇರಲಿಲ್ಲ.

ಸುದ್ದಿ ಹನೂರು ಮುಟ್ಟಿತು. ಒಂದು ಸಂಜೆ ಮಾವ ಸ್ಕ್ರೂಡ್ರೈವರ್ ಸಮೇತ ಇಳಿದ. ಮನೆ ತುಂಬ ಜನ. ಒಳಗೆ ಯಾವ ಹುಳ ಕೂತಿದೆಯೋ ಎಲ್ಲರ ಮುಂದೆ ಬಿಚ್ಚಿ ತೋರಿಸುತ್ತೇನೆ, ರಿಪೇರಿಯನ್ನೂ ಮಾಡಿಕೊಡುತ್ತೇನೆ ಅಂದ. ಅಮ್ಮ ತಲೆ ತಗ್ಗಿಸಿದಳು. ಅಪ್ಪ ಡಬ್ಬವನ್ನು ಮುಂದೆ ಚಾಚಿದ. ನನಗೆ ಅಳು ಬರುವಂತಾಯಿತು, ಮಾವನ ಕೈ ಹಿಡಿದುಕೊಂಡೆ.

"ಬಿಚ್ಬ್ಯಾಡ ಮಾವ. ಇದು ಸರಿಯಾಗ್ಬುಟ್ರೆ ಅಪ್ಪ ಎದ್ದೋಯ್ತಾನೆ."

ಯಾರೂ ನಗಲಿಲ್ಲ. ಮಾವ ನನ್ನನ್ನೂ ಅಪ್ಪನನ್ನೂ ನೋಡಿ, ಸ್ಕ್ರೂಡ್ರೈವರನ್ನು ಜೇಬಿಗಿಟ್ಟು, ಇನ್ನೊಂದು ರಿಮೋಟ್ ಎಲ್ಲಿ ಎಂದು ಕೇಳಿದ. ಅಪ್ಪ ಗೋಡೆಗೆ ಒರಗಿ ಕಾಲು ಚಾಚಿ, ಡಬ್ಬವನ್ನು ನನಗೆ ಹತ್ತಿರವಾಗುವಂತೆ ನನ್ನ ಕಡೆಯ ಕೈಗೆ ಬದಲಾಯಿಸಿಕೊಂಡ.