ಸತ್ಯಬೋಧರು ಮುಚ್ಚಿಟ್ಟ ನಕ್ಷತ್ರ

ನಮ್ಮವರಿಗೆ ಹೊಟ್ಟೆಕಿಚ್ಚು ಬಂದರೆ ಮೊದಲು ಊಟ ಕೆಡುತ್ತದೆ. ಸಾರಿಗೆ ಉಪ್ಪಿಲ್ಲ ಎನ್ನುತ್ತಾರೆ, ಮರುತುತ್ತಿಗೆ ಉಪ್ಪು ಹೆಚ್ಚಾಯಿತು ಎನ್ನುತ್ತಾರೆ. ನಮ್ಮವರೆಂದರೆ ನನ್ನ ಗಂಡ ಸತ್ಯಬೋಧರು, ಬಾದಾಮಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಕಳೆದ ಮಳೆಗಾಲವಿಡೀ ಅವರ ಬಾಯಲ್ಲಿ ಒಂದೇ ಹೆಸರು: ಪದ್ಮಶ್ರೀ. ನನಗೊಬ್ಬ ಸವತಿ ಇದ್ದಿದ್ದರೂ ಅವಳ ಹೆಸರನ್ನು ಇಷ್ಟು ಸಲ ಕೇಳಬೇಕಾಗುತ್ತಿರಲಿಲ್ಲ.

ಪದ್ಮಶ್ರೀ ಅವರದೇ ಹಳೆಯ ವಿದ್ಯಾರ್ಥಿನಿ, ಕಮತಗಿಯವಳು; ಈಗ ಅದೇ ಕಾಲೇಜಿನಲ್ಲಿ ಅವರ ಪಕ್ಕದ ಕುರ್ಚಿ. ಪುಣೆಯ ಹತ್ತಿರದ ರೇಡಿಯೋ ದೂರದರ್ಶಕ ತೆಗೆದ ಚಿತ್ರಗಳಲ್ಲಿ, ಆಗತಾನೇ ಹುಟ್ಟುತ್ತಿರುವ ಭಾರೀ ನಕ್ಷತ್ರಗಳನ್ನು ಹುಡುಕುವ ಅಧ್ಯಾಪಕರ ಗುಂಪಿಗೆ ಇಬ್ಬರೂ ಸೇರಿದ್ದರು. ಅಂಥ ನಕ್ಷತ್ರ ಬಾಣಂತಿಕೋಣೆಯ ಕೂಸಿನಂತೆ ದಟ್ಟ ಧೂಳಿನ ಮರೆಯಲ್ಲಿರುತ್ತದೆ. ಕಣ್ಣಿಗೆ ಕಾಣದು, ರೇಡಿಯೋ ಅಲೆ ಮಾತ್ರ ಧೂಳು ದಾಟಿ ಬರುತ್ತದೆ. ಗುಂಪಿನ ನಿಯಮ ಒಂದೇ. ಅನುಮಾನದ ಚುಕ್ಕೆ ಕಂಡೊಡನೆ ಎಲ್ಲರಿಗೂ ತೋರಿಸಬೇಕು, ಉಳಿದವರು ಪರೀಕ್ಷಿಸಬೇಕು.

ನಮ್ಮವರಿಗೆ ಒಂದು ಚುಕ್ಕೆ ಕಂಡಿತು. ತೋರಿಸಲಿಲ್ಲ. ನಮ್ಮ ಮನೆತನದಲ್ಲಿ ಐದು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹೇಳುವುದಿಲ್ಲ, ದೃಷ್ಟಿ ತಾಗುತ್ತದೆಂದು. ಆ ಪದ್ಧತಿಯನ್ನು ನಕ್ಷತ್ರಕ್ಕೂ ಹಚ್ಚಿದರು.

“ಖಾತ್ರಿ ಆಗ್ಲಿ, ಆಮ್ಯಾಲೆ ಹೇಳ್ತೇನಿ. ಆಕಿ ಕಣ್ಣು ಭಾಳ ಚುರುಕ ಅದ,” ಎಂದರು.

ಚುರುಕೇ ಇತ್ತು. ಮುಂದಿನ ವಾರ ಪದ್ಮಶ್ರೀ ಅದೇ ಚುಕ್ಕೆಯನ್ನು ಕಂಡಳು, ಕಂಡ ಗಳಿಗೆಯಲ್ಲೇ ಗುಂಪಿಗೆ ಹಾಕಿದಳು. ಅಮೀನಗಡದ ಕರದಂಟಿನ ಸಿಹಿಡಬ್ಬಿ ಹಿಡಿದು ನಮ್ಮ ಮನೆಗೂ ಬಂದಳು.

“ಸರ್, ಖರೇನ ನಕ್ಷತ್ರ ಹೌದೋ ಅಲ್ಲೋ, ನೀವ ನೋಡಿ ಹೇಳ್ರಿ.”

ಇವರು ಹಲ್ಲು ಕಿರಿದು ಶಾಭಾಸ್ ಎಂದರು. ಕರದಂಟು ಮುಟ್ಟಲಿಲ್ಲ.

ಆಮೇಲೆ ಶುರುವಾಯಿತು. ಅದು ನಕ್ಷತ್ರವಲ್ಲವೆಂದು ಸಾಧಿಸಲೇಬೇಕು! ಕಡಿಮೆ ಕಂಪನಾಂಕದ ಚಿತ್ರದಲ್ಲಿ ಚುಕ್ಕೆ ಹೆಚ್ಚು ಬೆಳಗಿದರೆ ಅದು ಎಲ್ಲೋ ದೂರದ ಗೆಲಾಕ್ಸಿ ಇದ್ದೀತು. ಅಲ್ಲಿ ಮಂಕಾಗಿದ್ದು ಹೆಚ್ಚಿನ ಕಂಪನಾಂಕದಲ್ಲಿ ಬೆಳಗಿದರೆ ಎಳೆಯ ನಕ್ಷತ್ರ. ರಜೆಯ ದಿನವೆಲ್ಲ ಕಂಪ್ಯೂಟರಿನ ಮುಂದೆ ಕೂತರು. ತಮ್ಮದಾಗಿದ್ದಾಗ ಮಾಡದ ಪರೀಕ್ಷೆಗಳನ್ನು ಅದು ಅವಳದಾದ ಮೇಲೆ ಮಾಡಿದರು. ಪ್ರೀತಿಯೂ ಮನುಷ್ಯನನ್ನು ಇಷ್ಟು ದುಡಿಸಲಾರದು.

ಒಂದು ಬೆಳಗ್ಗೆ ಕುರ್ಚಿಗೆ ಒರಗಿದರು.

“ವರದಾ, ಖರೇನ ನಕ್ಷತ್ರ ಅದ. ಅನುಮಾನನ ಇಲ್ಲ.”

“ಹಂಗಾದ್ರ ಗುಂಪಿಗೆ ಹಾಕ್ರಿ.”

“ಹಾಕಿದ್ರ ಆಕೀದು ಗಟ್ಟಿ ಆಗ್ತದ. ಹಾಕ್ಲಿಲ್ಲಂದ್ರ ಯಾರಿಗೂ ಗೊತ್ತಾಗೂದಿಲ್ಲ.”

“ಮೊದಲೂ ಹಿಂಗ ಮುಚ್ಚಿಟ್ರಿ. ಏನ್ ಬಂತು?”

ನಾನೇ ಮುಂದುವರಿಸಿದೆ. “ತೊಟ್ಲದ ದಿನ ಕೂಸಿನ ಕಿವ್ಯಾಗ ಕುರ್ರ್ ಅಂತ ಹೆಸರು ಕೂಗಾಕಿ ಸೋದರತ್ತಿ. ಹಡದಾಕಿ ಅಲ್ಲ. ಕೂಸು ಆಕೀದ ಇರ್ಲಿ, ಹೆಸರು ನೀವು ಕೂಗ್ರಿ.”

ಸೋದರತ್ತೆ ಹೆಸರು ಕೂಗಿದಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ಇವರಿಗೂ ಗೊತ್ತು.

ದೊಡ್ಡದೊಂದು ಉಸಿರು ಬಿಟ್ಟು, ಅಂಕಿಗಳೇ ತುಂಬಿದ ಆ ನಕ್ಷತ್ರದ ಹೆಸರನ್ನು ಬಾಯಲ್ಲಿ ಓದುತ್ತ ಬರೆದರು. ಕೆಳಗೆ ಪದ್ಮಶ್ರೀಯ ಹೆಸರು, ಅದರ ಕೆಳಗೆ ತಮ್ಮದು. ಪರೀಕ್ಷೆಯ ಫಲಿತಾಂಶವನ್ನೂ ಸೇರಿಸಿ ಗುಂಪಿಗೆ ಕಳಿಸಿಯೂಬಿಟ್ಟರು. ಪದ್ಧತಿಯಂತೆ ಬೆನ್ನಿಗೊಂದು ಗುದ್ದು ಕೊಟ್ಟೆ.

“ಆದ್ರೂ ನಾ ಮೊದಲ ನೋಡಿದ್ದೆ,” ಎಂದರು, ಕರದಂಟಿನ ಡಬ್ಬಿ ಎಳೆದುಕೊಳ್ಳುತ್ತ.

ಎರಡನೆಯ ಗುದ್ದು ಪದ್ಧತಿಯದಲ್ಲ, ನನ್ನದು. ಮಳೆಗಾಲವಿಡೀ ಪದ್ಮಶ್ರೀಯ ಹೆಸರು ಕೇಳಿಸಿದ್ದಕ್ಕೆ.