ನಿಶಾನಿಗೆ ಹಗ್ಗ ಕಟ್ಟುವ ಕೈ

ತುರ್ವಿಹಾಳದ ತಳವಾರ ಅಂಬಪ್ಪನಿಗೆ ಇಬ್ಬರು ರಾಜರ ಹೆಸರು ಹೇಳೆಂದರೆ ಮೂರನೆಯದಾಗಿ ತನ್ನದನ್ನೂ ಸೇರಿಸುವಷ್ಟು ಠೀವಿ. ಬೇಡರ ಮನೆತನ. ಊರಲ್ಲಿ ಯಾವ ನಿಶಾನಿ, ಅಂದರೆ ಬಾವುಟ, ಏರಬೇಕಾದರೂ ಹಗ್ಗ ಕಟ್ಟುವ ಹಕ್ಕು ಆ ಮನೆಯದು. ದುರಗಮ್ಮನ ಕೆಂಪು ನಿಶಾನಿ, ಮೊಹರಮ್ಮಿನ ಹಸಿರು ನಿಶಾನಿ, ಚಾವಡಿಯ ಮೇಲೆ ನಿಜಾಮರ ಹಳದಿ ನಿಶಾನಿ, ಎಲ್ಲಕ್ಕೂ ಅವನದೇ ಗಂಟು. ರಾಜ್ಯ ಯಾರದೆಂದು ಆ ಮನೆಯವರು ಎಂದೂ ಕೇಳಿದವರಲ್ಲ. ಕಟ್ಟಲು ತಮ್ಮನ್ನು ಕರೆದರೇ ಎಂಬುದಷ್ಟೇ ಮುಖ್ಯ. ಹಳದಿ ಬಾವುಟದ ನಡುವಿನ ಬಿಳಿ ಗುಂಡನ್ನು ಕಂಡು ಹೆಂಡತಿ ಗದ್ದೆಮ್ಮ, "ಸರಕಾರದ ರೊಟ್ಟಿ ಏರ್ಸಿ ಬಂದಿ, ಇನ್ನ ಮನ್ಯಾಗಿನ ರೊಟ್ಟಿ ತಿನ್ನು ಬಾ" ಎಂದು ಛೇಡಿಸುತ್ತಿದ್ದಳು.

ನಲವತ್ತೇಳರ ಆಗಸ್ಟಿನ ಒಂದು ಬೆಳಿಗ್ಗೆ ನೋಡಿದರೆ ಚಾವಡಿಯ ಮೇಲೆ ತ್ರಿವರ್ಣ ಧ್ವಜ! ನಿಜಾಮರ ಸೀಮೆಯಲ್ಲಿ ಅದು ಜೈಲಿಗೆ ಹೋಗುವ ಕೆಲಸ. ಕಟ್ಟಿದವನು ಕಾಂಗ್ರೆಸ್ಸಿನ ವಿರೂಪಾಕ್ಷಪ್ಪನೆಂದು ಊರಿಗೆಲ್ಲ ಗೊತ್ತಿತ್ತು. ಅಂಬಪ್ಪ ಕೆಂಡವಾದ. ನಿಜಾಮರ ಮೇಲಿನ ನಿಷ್ಠೆಯಿಂದೇನೂ ಅಲ್ಲ.

"ನನ್ನ ಕೇಳದ ಕಟ್ಯಾನಲ್ಲ! ಗಂಟರ ನೋಡು, ಎಮ್ಮಿ ಕಟ್ಟಿದಂಗ ಕಟ್ಯಾನ!"

ಮಧ್ಯಾಹ್ನ ಲಿಂಗಸುಗೂರಿನಿಂದ ಪೊಲೀಸ್ ಅಮೀನರು ಬಂದರು. ಊರವರನ್ನೆಲ್ಲ ಚಾವಡಿಗೆ ಕರೆಸಿ ತಳವಾರನನ್ನು ಮುಂದೆ ನಿಲ್ಲಿಸಿದರು.

"ಯಾರು ಕಟ್ಯಾರ? ಹೇಳಿದ್ರ ಬಚಾವ್. ಇಲ್ಲಂದ್ರ ನಿನ್ನ ತಳವಾರಿಕಿ ಹೋತು."

ಗುಂಪಿನ ಹಿಂದೆ ವಿರೂಪಾಕ್ಷಪ್ಪನ ಮುಖ ಬಿಳಿಚಿಕೊಂಡಿತ್ತು. ಅಂಬಪ್ಪ ಅವನನ್ನು ದುರುಗುಟ್ಟಿ ನೋಡಿದ. ಹೆಸರು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಆದರೆ ಹೇಳಿದರೆ, ಬೇರೊಂದು ಕೈ ಹಗ್ಗ ಕಟ್ಟಿತೆಂದು ಊರೆದುರು ಒಪ್ಪಿಕೊಂಡಂತೆ. ಮನೆತನದ ಮರ್ಯಾದೆ ಏನಾದೀತು?

"ಈ ಊರಾಗ ನಿಶಾನಿ ಕಟ್ಟಾಕ ನನ್ನ ಬಿಟ್ರ ಮತ್ಯಾರದಾರ್ರೀ ಸಾಹೇಬ್ರ?" ಎಂದು ಮೀಸೆ ತಿರುವಿದ. "ನಾನೇ ಕಟ್ಟೀನಿ."

ಗದ್ದೆಮ್ಮ ಹಣೆ ಚಚ್ಚಿಕೊಂಡಳು. ಗಂಡನ ಠೀವಿ ಪೊಲೀಸರ ಲಾಕಪ್ಪಿನವರೆಗೂ ಹೋದೀತೆಂದು ಅವಳು ಎಣಿಸಿರಲಿಲ್ಲ. ಅವನನ್ನು ಲಿಂಗಸುಗೂರಿಗೆ ಎಳೆದೊಯ್ದರು; ತಳವಾರಿಕೆಯೂ ಹೋಯಿತು.

ಬಿಟ್ಟು ಕಳಿಸಿದ ದಿನ ವಿರೂಪಾಕ್ಷಪ್ಪ ಹೂವಿನ ಹಾರ ಹಿಡಿದು ಮನೆಗೇ ಬಂದ. ಭಾಷಣದ ಚಟದ ಮನುಷ್ಯ, ಆದರೆ ಅಂದು ಕಣ್ಣೀರು ಮಾತ್ರ ನಿಜವಾದದ್ದು.

"ಅಂಬಪ್ಪಾ, ದೇಶದ ಮಾನ ಉಳಿಸಿದಿ. ಈ ದೇಶ ನನಗ ಹ್ಯಾಂಗೋ ಹಂಗ ನಿನಗೂ ಸೇರಿದ್ದು."

ಅಂಬಪ್ಪ ಹಾರಕ್ಕೆ ಕೊರಳೊಡ್ಡಲಿಲ್ಲ.

"ನನಗೂ ಸೇರಿದ್ದಂದ್ರ, ಅವತ್ತು ನನ್ನ ಯಾಕ ಕರೀಲಿಲ್ಲರೀ?"