ಅರ್ಚಕರ ಹಲ್ಲಿನೊಳಗೆ ಉಳಿದ ತುಂಡು

ಅರಸೀಕೆರೆಯಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡಿರುವ ನನಗೆ ರೂಟ್ ಕೆನಾಲ್ ಫೈಲುಗಳನ್ನು ಕಂಡರೆ ಮೊದಲಿನಿಂದಲೂ ಅನುಮಾನ. ಸೂಜಿಗಿಂತ ಸಣ್ಣನೆಯ ಈ ಲೋಹದ ಕಡ್ಡಿಗಳಿಂದಲೇ ಹಲ್ಲಿನ ಬೇರಿನೊಳಗಿನ ನಾಳವನ್ನು ಉಜ್ಜಿ ಶುದ್ಧ ಮಾಡಬೇಕು. ಉಕ್ಕಿನ ಫೈಲಾದರೆ ದಣಿದಾಗ ತಿರುಚಿದ ಎಳೆ ಬಿಚ್ಚಿಕೊಂಡು ತೋರಿಸುತ್ತದೆ, ಎಸೆಯಬಹುದು. ಈಗಿನ ನಿಕಲ್-ಟೈಟಾನಿಯಂನದು ಹೇಗೆ ಬಾಗಿಸಿದರೂ ಬಾಗುತ್ತದೆ, ನೋಡಲು ಹೊಸದರಂತೆಯೇ ಇರುತ್ತದೆ, ಹೇಳದೆ ಕೇಳದೆ ಕೈಕೊಡುತ್ತದೆ.

ಹಾಗೆ ಕೈಕೊಟ್ಟಿದ್ದು ಹಾರನಹಳ್ಳಿ ಕಡೆಯ ಒಬ್ಬ ವಯಸ್ಸಾದ ಅರ್ಚಕರ ಮೇಲ್ಸಾಲಿನ ಹಲ್ಲಿನಲ್ಲಿ. ಮುಂದಿನ ಹಲ್ಲಿನ ಪಕ್ಕದ್ದು, ಬೇರಿನ ತುದಿ ಕೊಕ್ಕೆಯಂತೆ ಬಾಗಿತ್ತು. ಭೂತಗನ್ನಡಿಯಲ್ಲಿ ನೋಡಿಯೇ ಫೈಲ್ ಇಳಿಸಿದ್ದೆ. ಹೊರಗೆ ತೆಗೆದಾಗ ಅದಕ್ಕೆ ತುದಿಯೇ ಇರಲಿಲ್ಲ. ಎಷ್ಟು ಹೆಣಗಿದರೂ ತುಂಡು ಬರಲಿಲ್ಲ. ನಾಳ ಶುದ್ಧವಾಗಿದ್ದರೆ ಇಂಥ ತುಂಡು ಒಳಗೇ ಉಳಿದರೂ ಸಾಮಾನ್ಯವಾಗಿ ಹಲ್ಲು ಬಾಳುತ್ತದೆ. ನಾನು ಸುಮ್ಮನಿದ್ದಿದ್ದರೆ ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಆದರೂ ಎಕ್ಸ್‌ರೇ ತೋರಿಸಿ ಇದ್ದದ್ದನ್ನು ಹೇಳಿದೆ.

ಅವರು ಎಕ್ಸ್‌ರೇ ಕಡೆ ನೋಡಲೇ ಇಲ್ಲ. "ಕಬ್ಬಿಣವೇನಮ್ಮಾ?"

"ಅಲ್ಲ, ಬೇರೆ ಲೋಹ. ತುಕ್ಕು ಹಿಡಿಯೋದಿಲ್ಲ."

"ಯಾವುದಾದ್ರೇನು? ಮುಕ್ಕಾದ ಗಂಟೆಯನ್ನೂ ಗರ್ಭಗುಡಿಯೊಳಗೆ ಬಿಡೋನಲ್ಲ ನಾನು. ಈಗ ಮುರಿದ ವಸ್ತು ಮೈಯಲ್ಲಿಟ್ಕೊಂಡು ನಾನೇ ಹೇಗೆ ಹೋಗ್ಲಿ?" ಅವರ ದನಿ ಏರಿತು. "ಹೇಳ್ದೇ ಇದ್ದಿದ್ರೆ ನನ್ನ ಪಾಡಿಗೆ ನಾನು ಇರ್ತಿದ್ದೆ. ಯಾಕಾದ್ರೂ ಹೇಳ್ದೆ?"

ಹಲ್ಲನ್ನೇ ಕಿತ್ತುಬಿಡು ಎಂದರು. ಕಿತ್ತರೆ ಆ ಸಂದಿಯಲ್ಲಿ ಗಾಳಿ ನುಗ್ಗಿ ಮಂತ್ರದ ಸಕಾರವೆಲ್ಲ ಸೀಟಿ ಹೊಡೆಯುತ್ತದೆ, ಕಟ್ಟಿಸಿದರೆ ಅದೂ ಹೊರಗಿನ ವಸ್ತುವೇ ಎಂದೆ. ಅವರು ಮತ್ತೆ ಕುರ್ಚಿಗೆ ಒರಗಿ ಬಾಯಿ ತೆರೆದರು. ನಾಳ ತುಂಬಿಸಿ ಕಳಿಸಿದೆ.

ಪೂಜೆಯನ್ನು ಮಗನಿಗೆ ಬಿಟ್ಟು ಅವರು ದೇವಸ್ಥಾನದ ಹೊರಜಗಲಿಯಲ್ಲಿ ಕೂರುತ್ತಿದ್ದಾರೆಂದು ಆ ಊರಿನ ಇನ್ನೊಬ್ಬ ರೋಗಿ ಹೇಳಿದರು. ಜೀವಮಾನವೆಲ್ಲ ದೇವರ ಹತ್ತಿರ ನಿಂತ ಮನುಷ್ಯನನ್ನು ನನ್ನ ಮಾತು ಹೊರಗೆ ಕೂರಿಸಿತಲ್ಲ! ಫೈಲಿನ ಮೇಲಿದ್ದ ಸಿಟ್ಟು ನನ್ನ ನಾಲಿಗೆಯ ಮೇಲೆ ತಿರುಗಿತು. ಭಾನುವಾರ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ಮಾತ್ರ ಊರು ಬಂದರೂ ಹೊಳೆಯಲಿಲ್ಲ.

ಜಗಲಿ ಖಾಲಿಯಿತ್ತು. ಒಳಗಿನಿಂದ ಅವರದೇ ದನಿ, ಅಕ್ಷರ ಅಕ್ಷರವೂ ಸ್ಪಷ್ಟವಾಗಿ ಕೇಳುತ್ತಿತ್ತು. ಮಂಗಳಾರತಿ ತಟ್ಟೆ ಹಿಡಿದು ಬಂದವರು ನನ್ನೆದುರು ನಿಂತರು.

"ನೋವಿದೆಯಾ?" ಎಂದೆ.

"ಇಲ್ಲ ಕಣಮ್ಮಾ. ನೀನು ನನಗೆ ಹೇಳಿದ ಹಾಗೇ ನಾನೂ ಗರ್ಭಗುಡಿ ಬಾಗಿಲಲ್ಲಿ ನಿಂತು ದೇವರಿಗೆ ಹೇಳ್ಬಿಟ್ಟೆ, ಒಳಗೊಂದು ತುಂಡಿದೆ ಅಂತ. ಇನ್ನು ಯೋಚನೆ ಅವನದು. ತಗೋ, ಆರತಿ ತಗೋ."